ಬಸುರಿಗೆ ಸೂಜಿ ಯಾಕವ್ವಾ?

"ಆರಾಮ ಇರೋ ಬಸುರಿಗೆ ಸೂಜಿ ಯಾಕವ್ವಾ? ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?"

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಮನೆಯ ಅಜ್ಜಿ ಹೀಗೆ ಕೇಳಿದರೆ ತಪ್ಪೇನಿಲ್ಲ. ಸೊಸೆಯ ಕುಬಸಕ್ಕೆ ಹಸಿರು ಸೀರೆ ಆರಿಸಿದ ಕಾಳಜಿಯೇ ಈ ಮಾತಿನಲ್ಲೂ ಇದೆ. ಉತ್ತರ ಅಜ್ಜಿಯ ನೆನಪಿನಲ್ಲೇ ಇರಬಹುದು.

ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ಹೊಕ್ಕುಳಬಳ್ಳಿಯನ್ನು ಕುಡಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದು, ಬೂದಿಯನ್ನೋ ಸಗಣಿಯನ್ನೋ ಹಚ್ಚುವುದಿತ್ತು. ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ಬಾಯಿ ತೆರೆಯುತ್ತಿರಲಿಲ್ಲ. ದವಡೆ ಬಿಗಿದು, ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಗಾಳಿ ಸೋಕಿತು ಅಂದರು, ದೃಷ್ಟಿ ಅಂದರು. ಅದು ಧನುರ್ವಾಯು. ಧನುಸ್ಸು ಎಂದರೆ ಬಿಲ್ಲು, ಮಕ್ಕಳೇ; ಹೆಸರು ಬಂದದ್ದೇ ಹಾಗೆ. 1988ರಲ್ಲಿ ಜಗತ್ತಿನಾದ್ಯಂತ ಸುಮಾರು 7,87,000 ಹಸುಗೂಸುಗಳು ಇದರಿಂದ ತೀರಿಕೊಂಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹುಟ್ಟಿದ ಮೇಲೆ ಕೂಸಿಗೇ ಸೂಜಿ ಹಾಕಿದರಾಗದೇ? ಅಷ್ಟು ಪುರುಸೊತ್ತಿಲ್ಲ. ಲಸಿಕೆಯಿಂದ ಮೈಯಲ್ಲಿ ರಕ್ಷಣೆ ಬೆಳೆಯಲು ವಾರಗಳು ಬೇಕು. ಈ ರೋಗ ಮೊದಲ ವಾರವೇ ಬಂದುಬಿಡಬಹುದು. ಅದಕ್ಕೇ ತಾಯಿಗೆ ಹಾಕುವುದು. ಅವಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಕೂಸನ್ನು ಸೇರುತ್ತವೆ. ಅದು ಹುಟ್ಟುವಾಗಲೇ ಕಾವಲು ಪಡೆದು ಬರುತ್ತದೆ.

ಈಗ ಕೊಡುವುದು ಟಿಡಿ ಲಸಿಕೆ, ಗಂಟಲುಮಾರಿಗೂ ತಡೆ. ಇದರಲ್ಲಿ ಜೀವಂತ ಕ್ರಿಮಿ ಇಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು. ಹಾಗೆಂದು ಎಲ್ಲ ಲಸಿಕೆಯೂ ಬಸುರಿಗೆ ಸಲ್ಲುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಅದನ್ನು ಬಸಿರಿನಲ್ಲಿ ಕೊಡುವುದಿಲ್ಲ. ಕೋವಿಡ್ ಲಸಿಕೆ ನಮ್ಮಲ್ಲಿ 2021ರ ಜನವರಿಯಲ್ಲಿ ಶುರುವಾದರೂ ಬಸುರಿಯರಿಗೆ ಅನುಮತಿ ಸಿಕ್ಕಿದ್ದು ಜುಲೈನಲ್ಲಿ. ಅಜ್ಜಿ ಕೇಳಿದ್ದು ಸರಿಯೇ. ಯಾವ ಲಸಿಕೆ ಎಂದೂ ಕೇಳಬೇಕು.

2015ರಲ್ಲಿ ಭಾರತ ಈ ರೋಗವನ್ನು ಹತೋಟಿಗೆ ತಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು: ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ. ಆದರೆ ಕ್ರಿಮಿ ಹೊಲದ ಮಣ್ಣಲ್ಲಿ, ದನದ ಸಗಣಿಯಲ್ಲಿ ಇನ್ನೂ ಇದೆ.

ಬಸಿರು ತಿಳಿದ ಕೂಡಲೇ ಒಂದು ಸೂಜಿ, ನಾಲ್ಕು ವಾರದ ಮೇಲೆ ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗಿದ್ದರೆ ಒಂದೇ ಸಾಕು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕೂಲಿಗೆ ಗೋವಾಕ್ಕೋ ಗುಳೆ ಹೊರಟವರಿಗೆ ಎರಡನೆಯದು ತಪ್ಪುವ ಭಯವಿದೆ. ತಾಯಿ ಕಾರ್ಡು ಗಂಟಿನಲ್ಲಿರಲಿ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೂ ಹಾಕುತ್ತಾರೆ. ಕಾರ್ಡಿನ ತಾರೀಖು ಅಜ್ಜಿಯ ಕಣ್ಣಿಗೆ ಕಾಣದಿದ್ದರೆ ನೀವೇ ಓದಿ ಹೇಳಿ, ಮಕ್ಕಳೇ. ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ನಿಮಗೆ ಹಾಕುವುದೂ ಇದೇ ಟಿಡಿ.