ವಾಹನದ ಮೈಲೇಜು ಇಳಿದಾಗ: ಕಾರಣ ಪತ್ತೆ ಹಚ್ಚುವ ಕ್ರಮ
(ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ತಿಳಿವಳಿಕೆಗಾಗಿ)

ಸಾಮಾನ್ಯ ಸಭೆಯಲ್ಲಿ ಖರ್ಚಿನ ಪಟ್ಟಿಯನ್ನು ಓದುವಾಗ ಸದಸ್ಯರ ಪ್ರಶ್ನೆಗೆ ಗುರಿಯಾಗುವ ಬಾಬ್ತುಗಳಲ್ಲಿ ಕಸ ಸಂಗ್ರಹಣಾ ವಾಹನದ ಇಂಧನ ವೆಚ್ಚವೂ ಒಂದು. ಹಿಂದಿನ ತಿಂಗಳಿಗಿಂತ ಹತ್ತು ಲೀಟರ್ ಡೀಸೆಲ್ ಹೆಚ್ಚಾಗಿದೆ ಎಂದೊಡನೆ ಅನುಮಾನ ಚಾಲಕರ ಮೇಲೆ ಹೋಗುತ್ತದೆ. ಅನೇಕ ಪಂಚಾಯಿತಿಗಳಲ್ಲಿ ಈ ವಾಹನವನ್ನು ನಡೆಸುತ್ತಿರುವವರು ಸಂಜೀವಿನಿ ಒಕ್ಕೂಟದ ಮೂಲಕ ತರಬೇತಿ ಪಡೆದ ಮಹಿಳೆಯರು. ಅಳತೆಯಿಲ್ಲದೆ ಆಡಿದ ಒಂದು ಮಾತು ಅವರ ಮರ್ಯಾದೆಗೂ ಜೀವನೋಪಾಯಕ್ಕೂ ಕುಂದು ತರಬಹುದು. ಹಾಗೆಂದು ಪ್ರಶ್ನಿಸದೆ ಬಿಟ್ಟರೆ ಸಾರ್ವಜನಿಕ ಹಣ ಪೋಲಾಗಬಹುದು. ಇವೆರಡನ್ನೂ ತಪ್ಪಿಸಲು ಕಾರಣಗಳನ್ನು ಒಂದು ಕ್ರಮದಲ್ಲಿ ಪರಿಶೀಲಿಸುವುದು ಅಗತ್ಯ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕಾರು, ಜೀಪು ಮೊದಲಾದ ವಾಹನಗಳಿಗೂ ಇದು ಅನ್ವಯಿಸುತ್ತದೆ.

1. ಮೊದಲು ಅಳತೆ ಸರಿಯಾಗಿರಲಿ

ಐನೂರು ರೂಪಾಯಿಗೆ, ಸಾವಿರ ರೂಪಾಯಿಗೆ ಎಂದು ಡೀಸೆಲ್ ಹಾಕಿಸುವ ರೂಢಿಯಿಂದ ಮೈಲೇಜು ತಿಳಿಯುವುದಿಲ್ಲ. ದರ ಬದಲಾದಂತೆ ಲೀಟರ್ ಪ್ರಮಾಣವೂ ಬದಲಾಗುತ್ತದೆ. ಟ್ಯಾಂಕಿನಲ್ಲಿ ಮೊದಲೇ ಎಷ್ಟು ಉಳಿದಿತ್ತೆಂಬುದೂ ಗೊತ್ತಿರುವುದಿಲ್ಲ. ಸರಿಯಾದ ವಿಧಾನವೆಂದರೆ ಪೂರ್ಣ ಟ್ಯಾಂಕಿನಿಂದ ಪೂರ್ಣ ಟ್ಯಾಂಕಿನವರೆಗೆ ಲೆಕ್ಕ ಹಾಕುವುದು. ಬಂಕಿನ ನಳಿಕೆ ತಾನಾಗಿಯೇ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರ್ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಬಾರಿ ಅದೇ ಬಂಕಿನಲ್ಲಿ, ಸಮತಟ್ಟಾದ ಅದೇ ಜಾಗದಲ್ಲಿ ನಿಲ್ಲಿಸಿ ಪುನಃ ಪೂರ್ತಿ ತುಂಬಿಸಬೇಕು. ನಡುವೆ ಓಡಿದ ದೂರವನ್ನು ಎರಡನೆಯ ಬಾರಿ ಹಿಡಿದ ಲೀಟರ್‌ಗಳಿಂದ ಭಾಗಿಸಿದರೆ ಮೈಲೇಜು ದೊರೆಯುತ್ತದೆ. ಒಂದೇ ಬಾರಿಯ ಫಲಿತಾಂಶವನ್ನು ನೆಚ್ಚದೆ, ಕನಿಷ್ಠ ಮೂರು ಬಾರಿಯ ಸರಾಸರಿಯನ್ನು ತೆಗೆದುಕೊಳ್ಳುವುದು ಸೂಕ್ತ.

ಇಂಧನ ತುಂಬಿಸಲೆಂದೇ ಹೋಗಿಬಂದ ದೂರವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿಯುವ ಕಡೆ ಚೆಲ್ಲುವಿಕೆ ಮತ್ತು ಅಳತೆಯ ವ್ಯತ್ಯಾಸಗಳಿಂದ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬಂಕಿನ ಅಳತೆಯ ಬಗ್ಗೆಯೇ ಸಂಶಯವಿದ್ದಲ್ಲಿ, ಅಲ್ಲಿರುವ ಮುದ್ರೆಯುಳ್ಳ ಐದು ಲೀಟರ್ ಮಾಪಕದಲ್ಲಿ ಅಳೆದು ತೋರಿಸುವಂತೆ ಗ್ರಾಹಕರು ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸ ಮಾತ್ರ ಅನುಮತಿಸಲ್ಪಟ್ಟಿದೆ. ಅದಕ್ಕಿಂತ ಕಡಿಮೆ ಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.

2. ಹೋಲಿಕೆ ಯಾವುದರೊಂದಿಗೆ?

ಆಲೂರಿನ ಬಯಲು ಭಾಗದಲ್ಲಿ ಓಡುವ ವಾಹನದ ಮೈಲೇಜನ್ನು ಯಸಳೂರು, ಹೆತ್ತೂರು, ವನಗೂರು ಭಾಗದ ಏರುತಗ್ಗುಗಳಲ್ಲಿ ಓಡುವ ವಾಹನದಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಒಂದೂವರೆ ಟನ್ ತೂಕದ ವಾಹನವು ನೂರು ಮೀಟರ್ ಎತ್ತರಕ್ಕೆ ಏರಲು, ದೂರ ಕ್ರಮಿಸುವ ಖರ್ಚನ್ನು ಬಿಟ್ಟು, ಏರುವುದಕ್ಕೆಂದೇ ಸುಮಾರು 150 ಮಿಲಿಲೀಟರ್ ಡೀಸೆಲ್ ಬೇಕು. ಇಳಿಯುವಾಗ ಇದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ಬಿಸಿಯಾಗಿ ಕಳೆದುಹೋಗುತ್ತದೆ. ಗುಡ್ಡದ ಮೇಲಿನ ಕಾಲೊನಿ, ತೋಟದ ಲೈನ್ ಮನೆಗಳು ಹೊಸದಾಗಿ ಮಾರ್ಗಕ್ಕೆ ಸೇರಿದ್ದರೆ ದೂರ ಹೆಚ್ಚಾಗದಿದ್ದರೂ ಡೀಸೆಲ್ ಹೆಚ್ಚಾಗುವುದು ಈ ಕಾರಣದಿಂದ.

ಋತುವನ್ನೂ ಗಮನಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮಳೆಯಲ್ಲಿ ನೆನೆದ ಕಸದ ಭಾರ ಹೆಚ್ಚು, ಕೆಸರಿನ ರಸ್ತೆಯಲ್ಲಿ ಚಕ್ರ ಉರುಳುವುದೂ ಕಷ್ಟ, ಬಹುಪಾಲು ದೂರವನ್ನು ಕೆಳಗಿನ ಗೇರಿನಲ್ಲಿಯೇ ಕ್ರಮಿಸಬೇಕಾಗುತ್ತದೆ. ಆದುದರಿಂದ ಜುಲೈ ತಿಂಗಳನ್ನು ಏಪ್ರಿಲ್‌ನೊಂದಿಗೆ ಹೋಲಿಸದೆ ಹಿಂದಿನ ವರ್ಷದ ಜುಲೈನೊಂದಿಗೆ ಹೋಲಿಸಬೇಕು. ವಾಹನವನ್ನು ಅದರದೇ ಹಳೆಯ ದಾಖಲೆಯೊಂದಿಗೆ, ಅದೇ ಮಾರ್ಗದಲ್ಲಿ, ಅದೇ ಋತುವಿನಲ್ಲಿ ಹೋಲಿಸಿದಾಗ ಮಾತ್ರ ವ್ಯತ್ಯಾಸಕ್ಕೆ ಅರ್ಥವಿರುತ್ತದೆ.

3. ನಿಂತಲ್ಲಿ ಉರಿಯುವ ಇಂಧನ ಮತ್ತು ಚಾಲನಾ ಕ್ರಮ

ಕಸ ಸಂಗ್ರಹಣಾ ವಾಹನ ಮನೆಮನೆಗೆ ನಿಲ್ಲುತ್ತದೆ. ನಿಂತಿರುವಾಗ ಎಂಜಿನ್ ಚಾಲೂ ಇದ್ದರೆ ಕಿಲೋಮೀಟರ್ ಏರುವುದಿಲ್ಲ, ಇಂಧನ ಮಾತ್ರ ಖರ್ಚಾಗುತ್ತದೆ. ಸಣ್ಣ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರ್‌ವರೆಗೂ ಹೀಗೆ ಉರಿಸಬಹುದು. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಕಡೆ, ಬ್ಯಾಟರಿ ಮತ್ತು ಸ್ಟಾರ್ಟರ್ ಸುಸ್ಥಿತಿಯಲ್ಲಿದ್ದರೆ, ಎಂಜಿನ್ ನಿಲ್ಲಿಸುವುದು ಒಳ್ಳೆಯದು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವುದರಿಂದ ಉಳಿತಾಯವಾಗುತ್ತದೆ ಎಂಬ ನಂಬಿಕೆ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂದಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಬಿಸಿಲೆ ಅಥವಾ ಶಿರಾಡಿಯಂತಹ ಘಾಟಿಯಲ್ಲಿ ನ್ಯೂಟ್ರಲ್‌ನಲ್ಲಿ ಇಳಿಯುವುದು ಪ್ರಾಣಾಪಾಯಕರ.

4. ಖರ್ಚಿಲ್ಲದೆ ನೋಡಬಹುದಾದ ದೋಷಗಳು

ಟೈರು: ಗಾಳಿಯ ಒತ್ತಡವನ್ನು ಬೆಳಿಗ್ಗೆ, ವಾಹನ ಓಡುವ ಮುನ್ನ ಅಳೆಯಬೇಕು. ನಿಗದಿತ ಪ್ರಮಾಣ ಕೈಪಿಡಿಯಲ್ಲಿ ಅಥವಾ ವಾಹನಕ್ಕೆ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ಒತ್ತಡ ಕಡಿಮೆಯಾದಷ್ಟೂ ಇಂಧನ ವ್ಯಯ ಹೆಚ್ಚು, ಟೈರಿನ ಸವೆತವೂ ಹೆಚ್ಚು. ಬೇರೆ ಅಳತೆಯ ಟೈರು ಹಾಕಿಸಿದ್ದರೆ ಕಿಲೋಮೀಟರ್ ಅಂಕಿಯೇ ತಪ್ಪಾಗಿ ಬರುತ್ತದೆಂಬುದೂ ನೆನಪಿನಲ್ಲಿರಲಿ.

ಬ್ರೇಕು: ಕೆಸರು ಮತ್ತು ತುಕ್ಕಿನಿಂದ ಬ್ರೇಕು ಪೂರ್ಣವಾಗಿ ಬಿಡದೆ ಚಕ್ರವನ್ನು ಹಿಡಿದುಕೊಂಡಿರಬಹುದು. ಸಮತಟ್ಟಾದ ರಸ್ತೆಯಲ್ಲಿ ಹೆಚ್ಚು ಬ್ರೇಕು ಹಿಡಿಯದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಮುಟ್ಟದಂತೆ ಕೈ ಹಿಡಿದು ನೋಡಬೇಕು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ದೋಷವಿದೆ. ಘಾಟಿ ಇಳಿದ ಕೂಡಲೇ ಈ ಪರೀಕ್ಷೆ ಮಾಡಬಾರದು. ಆಗ ಎಲ್ಲ ಚಕ್ರಗಳೂ ಬಿಸಿಯಾಗಿರುತ್ತವೆ.

ಸೋರಿಕೆ ಮತ್ತು ಭಾರ: ರಾತ್ರಿ ನಿಲ್ಲಿಸಿದ ಜಾಗದಲ್ಲಿ ಡೀಸೆಲ್ ಕಲೆ ಇದೆಯೇ ಎಂದು ಬೆಳಿಗ್ಗೆ ನೋಡಬೇಕು. ವಿಲೇವಾರಿ ಘಟಕದಲ್ಲಿ ಇಳಿಸದೆ ಉಳಿದ ಕಸ, ಡಬ್ಬಿಗಳಲ್ಲಿ ನಿಂತ ಮಳೆನೀರು ಇವು ಪ್ರತಿದಿನ ವ್ಯರ್ಥವಾಗಿ ಹೊತ್ತು ತಿರುಗುವ ಭಾರ. ಮೇಲೆ ಟಾರ್ಪಾಲಿನ ಹೊದಿಕೆ ಇದ್ದರೆ ನೀರಿನ ಭಾರ ತಪ್ಪುತ್ತದೆ.

5. ವರ್ಕ್‌ಶಾಪಿನಲ್ಲಿ ನೋಡಿಸಬೇಕಾದವು

ಹೊಗೆಯ ಬಣ್ಣ ಮೊದಲ ಸುಳಿವು. ಕಪ್ಪು ಹೊಗೆ ಇದ್ದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚಾಗಿದೆ ಎಂದರ್ಥ; ಏರ್ ಫಿಲ್ಟರ್ ಮತ್ತು ಇಂಜೆಕ್ಟರ್ ನೋಡಿಸಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಧನ ಸರಿಯಾಗಿ ಉರಿಯದಿರುವುದು ಅಥವಾ ರೇಡಿಯೇಟರ್ ನೀರು ಒಳಸೇರುತ್ತಿರುವುದು ಕಾರಣವಿರಬಹುದು.

ಏರುರಸ್ತೆಯಲ್ಲಿ ಎಂಜಿನ್ ಶಬ್ದ ಏರಿದರೂ ವಾಹನ ಮುಂದೆ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆ. ಗುಡ್ಡಗಾಡಿನಲ್ಲಿ ಕ್ಲಚ್ ಬೇಗ ಸವೆಯುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟು ದೂರ ಓಡಿದರೂ ಎಂಜಿನ್ ಸರಿಯಾದ ಬಿಸಿಗೆ ಬಾರದಿದ್ದರೆ ಥರ್ಮೋಸ್ಟಾಟ್ ದೋಷವಿರಬಹುದು. ತಣ್ಣಗಿರುವ ಎಂಜಿನ್ ಹೆಚ್ಚು ಇಂಧನ ಕೇಳುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಎಂಜಿನ್ ಎಚ್ಚರಿಕೆ ದೀಪ ಉರಿದಿದ್ದರೆ, ಬಿಡಿಭಾಗ ಬದಲಿಸುವ ಮೊದಲು ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತ ಓದಿಸಬೇಕು. ಊಹೆಯಿಂದ ಒಂದೊಂದೇ ಭಾಗ ಬದಲಿಸುತ್ತ ಹೋದರೆ ದುರಸ್ತಿಯ ಬಿಲ್ಲು ಡೀಸೆಲ್ ಬಿಲ್ಲನ್ನು ಮೀರೀತು.

ಪೆಟ್ರೋಲ್ ವಾಹನಗಳಿಗೆ ಒಂದು ಮಾತು: ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಳಕೆಯಲ್ಲಿದೆ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಹಳೆಯ ಕಾರುಗಳಲ್ಲಿ ಮೈಲೇಜು ತುಸು ಇಳಿದರೆ ಅದನ್ನು ದೋಷವೆಂದೇ ಭಾವಿಸಬೇಕಾಗಿಲ್ಲ.

6. ಒಂದು ಮಾದರಿ ಲೆಕ್ಕ

ವಾಹನವೊಂದು ತಿಂಗಳಿಗೆ 600 ಕಿ.ಮೀ. ಓಡಿ 50 ಲೀಟರ್ ಬಳಸುತ್ತಿತ್ತು ಎಂದಿಟ್ಟುಕೊಳ್ಳೋಣ, ಮೈಲೇಜು 12. ಈ ತಿಂಗಳು ಅಷ್ಟೇ ದೂರಕ್ಕೆ 60 ಲೀಟರ್ ಬಿದ್ದಿದೆ, ಮೈಲೇಜು 10. ಲಾಗ್ ಪುಸ್ತಕ ನೋಡಿದಾಗ, ಮಾರ್ಗ ಬದಲಾಗಿ ದಿನವೂ ನೂರು ಮೀಟರ್ ಎತ್ತರದ ಕಾಲೊನಿಗೆ ಏರುತ್ತಿರುವುದು ತಿಳಿಯುತ್ತದೆ. 26 ದಿನಗಳಿಗೆ ಇದರ ಪಾಲು ಸುಮಾರು 4 ಲೀಟರ್. ಅಲ್ಲಿ ಕಸ ವಿಂಗಡಿಸಿ ಪಡೆಯಲು ಪ್ರತಿದಿನ 20 ನಿಮಿಷ ಎಂಜಿನ್ ಚಾಲೂ ಇಟ್ಟು ನಿಲ್ಲಲಾಗುತ್ತಿದೆ. ಇದರ ಪಾಲೂ ಸುಮಾರು 4 ಲೀಟರ್. ಉಳಿದದ್ದು 2 ಲೀಟರ್. ಅದನ್ನು ಟೈರು, ಬ್ರೇಕು, ಫಿಲ್ಟರ್‌ಗಳಲ್ಲಿ ಹುಡುಕಬೇಕು. ಹತ್ತು ಲೀಟರ್ ಕಾಣೆಯಾಗಿದೆ ಎಂಬ ಆರೋಪಕ್ಕೆ ಇಲ್ಲಿ ಆಧಾರವೇ ಇಲ್ಲ. ಎಂಜಿನ್ ನಿಲ್ಲಿಸುವ ಅಭ್ಯಾಸದಿಂದ ತಿಂಗಳಿಗೆ 4 ಲೀಟರ್ ಉಳಿಸುವ ದಾರಿ ಮಾತ್ರ ಇದೆ.

ಎಲ್ಲ ಹಂತಗಳನ್ನೂ ಪರಿಶೀಲಿಸಿ, ದೋಷಗಳನ್ನು ಸರಿಪಡಿಸಿ, ಮೂರು ಬಾರಿ ಅಳೆದ ಮೇಲೂ ಲೆಕ್ಕಕ್ಕೆ ಸಿಗದ ವ್ಯತ್ಯಾಸ ಉಳಿದರೆ ಆಗ ವಿಚಾರಣೆಗೆ ಅವಕಾಶವಿದೆ. ಅದೂ ದಾಖಲೆಯ ಆಧಾರದ ಮೇಲೆ, ಚಾಲಕರು, ಒಕ್ಕೂಟದ ಪ್ರತಿನಿಧಿ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಸಮಕ್ಷಮದಲ್ಲಿ ನಡೆಯುವುದು ಯೋಗ್ಯ. ದಿನಾಂಕ, ಕಿಲೋಮೀಟರ್ ಅಂಕಿ, ತುಂಬಿಸಿದ ಲೀಟರ್, ಮಾರ್ಗದ ಬದಲಾವಣೆ, ಟೈರಿನ ಒತ್ತಡ, ದುರಸ್ತಿ ಎಂಬ ಆರು ಕಲಮುಗಳ ಒಂದು ಪುಟವನ್ನು ಪ್ರತಿ ತಿಂಗಳ ಸಾಮಾನ್ಯ ಸಭೆಯ ಮುಂದೆ ಇರಿಸಿದಲ್ಲಿ ಸದಸ್ಯರ ಪ್ರಶ್ನೆಗೂ ಚಾಲಕರ ಉತ್ತರಕ್ಕೂ ಲೆಕ್ಕ ಪರಿಶೋಧನೆಗೂ ಅದೊಂದೇ ಪುಟ ಸಾಕಾಗುತ್ತದೆ.