ಅಂಕಿಯೆಲ್ಲವೂ ಸಂಖ್ಯೆಯಲ್ಲ

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಜಮೀನಿನ ಪಹಣಿಯೊಂದು ಇದ್ದರೆ ದಯಮಾಡಿ ಅದನ್ನು ಹೊರತೆಗೆದು ಎದುರಿಗಿಟ್ಟುಕೊಳ್ಳಿ. ಅದು ಚನ್ನರಾಯಪಟ್ಟಣ ತಾಲ್ಲೂಕಿನ ಯಾವುದೋ ಒಂದು ಗ್ರಾಮದ್ದೆಂದು ಭಾವಿಸೋಣ. ಅದರಲ್ಲಿ ಸರ್ವೆ ನಂಬರು 45/2 ಎಂದಿದೆ. ವಿಸ್ತೀರ್ಣ 1-25 ಎಂದಿದೆ. ಪಕ್ಕದಲ್ಲಿ ಖಾತೆದಾರರ ಹೆಸರಿದೆ. ಮೊದಲಿನ ಎರಡೂ ಅಂಕಿಗಳೇ. ಆದರೆ 45ನ್ನು 2ರಿಂದ ಭಾಗಿಸಿ ಇಪ್ಪತ್ತೆರಡೂವರೆ ಎಂದು ಓದುವವರು ಯಾರೂ ಇಲ್ಲ. ಸರ್ವೆ ನಂಬರು ಜಮೀನಿನ ಹೆಸರು. ವಿಸ್ತೀರ್ಣವಾದರೋ ಅದರ ಅಳತೆ. ಈ ವ್ಯತ್ಯಾಸ ನಮಗೆ ಹೇಳದೆಯೇ ತಿಳಿಯುತ್ತದೆ. ಗಣಕಯಂತ್ರಕ್ಕೆ ಮಾತ್ರ ತಿಳಿಯದು. ಅದಕ್ಕೆ ಹೀಗೆ ತಿಳಿಸಿಕೊಡುವ ಕ್ರಮಕ್ಕೇ 'ದತ್ತಾಂಶದ ಬಗೆ' ಎಂದು ಹೆಸರು.

ಹಿಂದೆ ಶ್ಯಾನುಭೋಗರು ಕೈಯಲ್ಲಿ ಬರೆದಿಡುತ್ತಿದ್ದ ಈ ಲೆಕ್ಕಗಳು, ನಮ್ಮ ರಾಜ್ಯದ 'ಭೂಮಿ' ಯೋಜನೆಯ ಫಲವಾಗಿ 2000ದ ದಶಕದ ಆರಂಭದಲ್ಲಿ ಗಣಕಯಂತ್ರವನ್ನು ಸೇರಿದವು. ಹಾಗೆ ಸೇರಿದ ಪಹಣಿಗಳು ಸುಮಾರು 2 ಕೋಟಿ. ಆದ್ದರಿಂದ ಈ ವಿಷಯ ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಬದಿಗೆ ಸರಿಸುವಂತಿಲ್ಲ.

ಉದಾಹರಣೆಗೆ, 1995ರಲ್ಲಿ ಹೊರಬಂದ ಜಾವಾ ಎಂಬ ಭಾಷೆಯನ್ನು ತೆಗೆದುಕೊಳ್ಳಿ. ಇದರಲ್ಲಿ ಪ್ರತಿಯೊಂದು ದತ್ತಾಂಶಕ್ಕೂ ಬಗೆಯನ್ನು ಮೊದಲೇ ಗೊತ್ತುಮಾಡಬೇಕು. ಪೂರ್ಣಾಂಕಕ್ಕೆ 'ಇಂಟ್', ದಶಮಾಂಶಕ್ಕೆ 'ಡಬಲ್', ಹೌದು-ಅಲ್ಲ ಎಂಬುದಕ್ಕೆ 'ಬೂಲಿಯನ್', ಬರಹಕ್ಕೆ 'ಸ್ಟ್ರಿಂಗ್'. ಅಡಿಗೆಮನೆಯಲ್ಲಿ ಅಕ್ಕಿಗೆ ಒಂದು ಡಬ್ಬ, ಎಣ್ಣೆಗೆ ಒಂದು ಜಾಡಿ ಇರುವಂತೆ ಇವು. ಎಣ್ಣೆಯನ್ನು ಜರಡಿಯಲ್ಲಿ ತುಂಬಲು ಹೋದರೆ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ.

ಚನ್ನರಾಯಪಟ್ಟಣದ ದೂರವಾಣಿ ಸಂಕೇತ 08176. ಇದನ್ನು ಪೂರ್ಣಾಂಕವಾಗಿ ಉಳಿಸಿದರೆ ಮುಂದಿನ ಸೊನ್ನೆ ಬಿದ್ದುಹೋಗಿ 8176 ಎಂದಷ್ಟೇ ಉಳಿಯುತ್ತದೆ, ಕರೆ ಸೇರುವುದಿಲ್ಲ. ಅದು ಸ್ಟ್ರಿಂಗ್ ಆಗಿರಬೇಕು. ಕೂಡುವ ಕಳೆಯುವ ಕೆಲಸ ಇಲ್ಲದ ಅಂಕಿಯನ್ನು ಬರಹವೆಂದೇ ಎಣಿಸುವುದು ಲೇಸು. ಬರಹಕ್ಕೂ ತನ್ನದೇ ಒಂದು ನಡೆಯಿದೆ. 'ಚನ್ನರಾಯಪಟ್ಟಣ' ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವುದು 7 ಅಕ್ಷರ. ಜಾವಾದ ಸ್ಟ್ರಿಂಗ್ ಎಣಿಸಿ ಹೇಳುವುದು 12! ಒತ್ತಕ್ಷರ, ಕಾಗುಣಿತದ ದೀರ್ಘ, ನಡುವಿನ ವಿರಾಮಚಿಹ್ನೆ ಇವೆಲ್ಲವನ್ನೂ ಅದು ಬೇರೆ ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. ಏಳು ಮನೆಯ ನಮೂನೆ ಮಾಡಿಟ್ಟರೆ ಊರಿನ ಹೆಸರು ನಡುವೆಯೇ ಕತ್ತರಿಸಿಹೋದೀತು.

ಡಬ್ಬಕ್ಕೆ ಅಳತೆಯೂ ಉಂಟು. ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅದಕ್ಕೆ ಇನ್ನೊಂದನ್ನು ಕೂಡಿಸಿದರೆ ಯಂತ್ರ ಸದ್ದಿಲ್ಲದೆ ಋಣಸಂಖ್ಯೆಗೆ ಹಾರುತ್ತದೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಜಾವಾದಲ್ಲಲ್ಲದೆ ಬೇರೊಂದು ಭಾಷೆಯಲ್ಲಿ ಬರೆದ ಆ ಕಾರ್ಯಕ್ರಮದಲ್ಲಿ, 64 ಬಿಟ್ಟಿನ ದಶಮಾಂಶವೊಂದನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸಹೋದದ್ದೇ ಮೂಲ ಕಾರಣ. ಆ ಸಣ್ಣ ಡಬ್ಬದಲ್ಲಿ ಹಿಡಿಸುತ್ತಿದ್ದುದು 32,767ರ ತನಕ ಮಾತ್ರ.

ಈಗ ಪಹಣಿಯ ವಿಸ್ತೀರ್ಣಕ್ಕೆ ಬರೋಣ. ಅಣ್ಣನ ಪಾಲು 1-25, ತಮ್ಮನ ಪಾಲು 2-30. ಒಟ್ಟು ಎಷ್ಟು? ಇವನ್ನು ಡಬಲ್ ಎಂಬ ದಶಮಾಂಶದ ಡಬ್ಬದಲ್ಲಿ 1.25, 2.30 ಎಂದು ಹಾಕಿದರೆ ಯಂತ್ರ 3.55 ಎಂದು ಥಟ್ಟನೆ ಉತ್ತರ ಕೊಡುತ್ತದೆ. ಅದನ್ನು ಮೂರೂವರೆ ಎಕರೆಯ ಮೇಲೆ ಚಿಲ್ಲರೆ ಎಂದು ನಂಬಿದರೆ ಸಿಗುವುದು 3 ಎಕರೆ 22 ಗುಂಟೆ. ಆದರೆ ಎಕರೆಗೆ 40 ಗುಂಟೆಯಷ್ಟೆ! ಸರಿಯಾಗಿ ಕೂಡಿದರೆ 4 ಎಕರೆ 15 ಗುಂಟೆ. ಮೂವತ್ತಮೂರು ಗುಂಟೆ ಭೂಮಿ ಎತ್ತ ಹೋಯಿತು? ಯಂತ್ರ ಕೂಡಿಸುವುದರಲ್ಲಿ ತಪ್ಪಲಿಲ್ಲ. ನಾವು ಬಗೆಯನ್ನು ಹೇಳುವುದರಲ್ಲಿ ತಪ್ಪಿದೆವು. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದಕ್ಕೆ ಅಷ್ಟು ಸಾಲದೆ?

ವಸ್ತುಪ್ರಧಾನ ಭಾಷೆಯ ಸೊಗಸು ಇರುವುದು ಇಲ್ಲೇ. ಭಾಷೆ ಕೊಟ್ಟ ಡಬ್ಬಗಳು ಸಾಲದಿದ್ದರೆ ನಮಗೆ ಬೇಕಾದ ಬಗೆಯನ್ನು ನಾವೇ ನಿರ್ಮಿಸಬಹುದು. ನಾರ್ವೆ ದೇಶದ ಡಾಲ್ ಮತ್ತು ನ್ಯೂಗಾರ್ಡ್ ಎಂಬಿಬ್ಬರು 1960ರ ದಶಕದಲ್ಲಿ ಸಿಮ್ಯುಲಾ ಎಂಬ ಭಾಷೆಯಲ್ಲಿ ಈ ದಾರಿ ತೆರೆದರು. ನಾವು 'ವಿಸ್ತೀರ್ಣ' ಎಂಬ ಒಂದು ವರ್ಗವನ್ನು, ಅಂದರೆ ಅಚ್ಚನ್ನು, ಮಾಡುತ್ತೇವೆ. ಅದರೊಳಗೆ ಎಕರೆಗೆ ಒಂದು ಇಂಟ್, ಗುಂಟೆಗೆ ಒಂದು ಇಂಟ್. ಕೂಡುವ ವಿಧಾನವೂ ಅದರೊಳಗೇ: ಗುಂಟೆ 40 ಮುಟ್ಟಿದರೆ ಎಕರೆಗೆ ಒಂದನ್ನು ಏರಿಸು. ಹೊರಗಿನವರು ಗುಂಟೆಯ ಮನೆಯಲ್ಲಿ 55 ಎಂದು ತುಂಬದಂತೆ ಬಾಗಿಲಿಗೆ ಅಗಣಿಯನ್ನೂ ಹಾಕಬಹುದು. ಹೀಗೆ ಮಾಹಿತಿ, ಅದರ ನಿಯಮ ಎರಡೂ ಒಂದೇ ಸೂರಿನಡಿ ಇರುತ್ತವೆ. ಬೇಕಾದರೆ ಗುಂಟೆಗೆ 16 ಆಣೆಯ ಮನೆಯನ್ನೂ ಸೇರಿಸಿ. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಹಣದ ಆಣೆ ಮರೆಯಾದರೂ ಜಮೀನಿನ ಆಣೆ ಪಹಣಿಯಲ್ಲಿ ಉಳಿದುಕೊಂಡಿದೆ.

ಇನ್ನೊಂದು ಸೂಕ್ಷ್ಮವನ್ನು ನೆನಪಿಡಬೇಕು. ಇಂಟ್ ಅನ್ನು ಒಂದು ಹೆಸರಿನಿಂದ ಇನ್ನೊಂದಕ್ಕೆ ಕೊಟ್ಟರೆ ಹೋಗುವುದು ನಕಲು. ನಕಲನ್ನು ತಿದ್ದಿದರೆ ಅಸಲು ಕೆಡದು. ನಾವು ನಿರ್ಮಿಸಿದ ವಸ್ತುವನ್ನು ಕೊಟ್ಟರೆ ಹೋಗುವುದು ಅದರ ವಿಳಾಸ ಮಾತ್ರ. ಒಂದೇ ಮನೆಯ ವಿಳಾಸ ಇಬ್ಬರ ಕೈಯಲ್ಲಿದ್ದು, ಒಬ್ಬ ಹೋಗಿ ಗೋಡೆಗೆ ಸುಣ್ಣ ಬಳಿದರೆ, ಇನ್ನೊಬ್ಬನಿಗೂ ಸುಣ್ಣ ಬಳಿದ ಮನೆಯೇ ಕಾಣುವುದಿಲ್ಲವೆ? ಹಾಗೆಯೇ ಇದೂ.

ನಿಮ್ಮ ಮಕ್ಕಳು ಮೊಮ್ಮಕ್ಕಳು ಕಾಲೇಜಿನಲ್ಲಿ ಇದನ್ನೇ ಓದುತ್ತಿರಬಹುದು. ಅವರನ್ನು ಕೂರಿಸಿಕೊಂಡು ಪಹಣಿಯ ಒಂದು ಲೆಕ್ಕ ಕೊಡಿ. ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿ, ಕೂಡಿ, ಆಮೇಲೆ 40ರಿಂದ ಭಾಗಿಸಲು ಹೇಳಿ. 65ಕ್ಕೆ 110 ಸೇರಿ 175 ಗುಂಟೆ. ನಾಲ್ಕು ಎಕರೆ ಹೋಗಿ 15 ಗುಂಟೆ ಉಳಿಯಿತು. ಯಂತ್ರದ ಉತ್ತರವೂ ಅಷ್ಟೇ ಬಂದರೆ ಸರಿ. ಬಾರದಿದ್ದರೆ, ಯಾವ ಅಂಕಿಯನ್ನು ಯಾವ ಡಬ್ಬದಲ್ಲಿ ಹಾಕಿದ್ದಾರೆಂದು ಮೊದಲು ಕೇಳಿ.