ಗರ್ಭಕೋಶ ಜಾರುವಿಕೆ: ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ತಿಳಿಯಬೇಕಾದ ಅಂಶಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಹಿಳೆಯರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ

1. ಏನಿದು?
ಕಿಬ್ಬೊಟ್ಟೆಯ ತಳಭಾಗದ ಸ್ನಾಯುಗಳು ಸಡಿಲಗೊಂಡು ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳವು ಯೋನಿಯತ್ತ ಇಳಿಯುವುದೇ ಈ ತೊಂದರೆ. ಹೆಚ್ಚು ಹೆರಿಗೆಗಳು, ವಯಸ್ಸು, ದೀರ್ಘಕಾಲದ ಕೆಮ್ಮು, ಮಲಬದ್ಧತೆ ಹಾಗೂ ಭಾರ ಹೊರುವ ದುಡಿಮೆ ಇದಕ್ಕೆ ಕಾರಣವಾಗಬಹುದು. ಇದು ಕ್ಯಾನ್ಸರ್ ಅಲ್ಲ. ತೊಂದರೆಯ ಲಕ್ಷಣಗಳಿಲ್ಲದವರಿಗೆ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

2. ಮಾರ್ಗಸೂಚಿ ಏಕೆ ಮುಖ್ಯ?
ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂದು ಕಲಬುರಗಿ ಜಿಲ್ಲೆಯ ಲಂಬಾಣಿ ಮಹಿಳೆಯರು ನೀಡಿದ ದೂರುಗಳು 2015ರಲ್ಲಿ ರಾಜ್ಯದ ಗಮನ ಸೆಳೆದವು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು.

3. ಮಾರ್ಗಸೂಚಿಯ ಗುಣಮಟ್ಟವನ್ನು ಅಳೆಯುವ ಬಗೆ
ಎಲ್ಲ ಮಾರ್ಗಸೂಚಿಗಳೂ ಒಂದೇ ಗುಣಮಟ್ಟದವಲ್ಲ. ಇವುಗಳನ್ನು ತೂಗಿ ನೋಡಲು ತಜ್ಞರು 'ಅಗ್ರೀ-2' ಎಂಬ ಅಳತೆಗೋಲನ್ನು ಬಳಸುತ್ತಾರೆ. ಇದರಲ್ಲಿ 6 ವಿಭಾಗಗಳ ಅಡಿ 23 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ನೀಡಲಾಗುತ್ತದೆ. ವಿಭಾಗಗಳು ಇಂತಿವೆ:
ಅ) ಉದ್ದೇಶ ಮತ್ತು ವ್ಯಾಪ್ತಿ
ಆ) ರೋಗಿಗಳೂ ಸೇರಿದಂತೆ ಸಂಬಂಧಪಟ್ಟವರ ಪಾಲ್ಗೊಳ್ಳುವಿಕೆ
ಇ) ಪುರಾವೆಗಳನ್ನು ಸಂಗ್ರಹಿಸಿ ಪರಿಶೀಲಿಸಿದ ಕ್ರಮ
ಈ) ಸಲಹೆಗಳ ಸ್ಪಷ್ಟತೆ
ಉ) ಆಚರಣೆಗೆ ತರುವ ಸಾಧ್ಯತೆ
ಊ) ಹಣ ಒದಗಿಸಿದವರ ಪ್ರಭಾವದಿಂದ ಮುಕ್ತವಾಗಿರುವುದು

4. ಚಿಕಿತ್ಸೆಯ ಕ್ರಮ
ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯಂತೆ, ಆರಂಭದ ಹಂತದಲ್ಲಿ ತೊಂದರೆ ಕಾಣಿಸಿಕೊಂಡವರಿಗೆ ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ 16 ವಾರಗಳ ಸ್ನಾಯು ವ್ಯಾಯಾಮವನ್ನು ಮೊದಲು ಪರಿಗಣಿಸತಕ್ಕದ್ದು. ಯೋನಿಯೊಳಗೆ ಇರಿಸುವ ಪೆಸರಿ ಎಂಬ ರಿಂಗ್ ಮತ್ತೊಂದು ಮಾರ್ಗ. ಇವುಗಳಿಂದ ಉಪಶಮನವಾಗದಿದ್ದಲ್ಲಿ ಅಥವಾ ಮಹಿಳೆಗೆ ಇವು ಬೇಡವೆನಿಸಿದಲ್ಲಿ ಶಸ್ತ್ರಚಿಕಿತ್ಸೆಯ ಬಗ್ಗೆ ಚರ್ಚಿಸಲಾಗುವುದು. ಗರ್ಭಕೋಶವನ್ನು ಉಳಿಸಿಕೊಂಡೇ ಮಾಡುವ ಶಸ್ತ್ರಚಿಕಿತ್ಸೆಗಳೂ ಇವೆ. ಈ ತೊಂದರೆಗಾಗಿ ಯೋನಿಯ ಮೂಲಕ ಅಳವಡಿಸುವ ಜಾಲರಿಯ ಮಾರಾಟವನ್ನು ಅಮೆರಿಕವು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು.

5. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು
ಅ) ನನ್ನ ತೊಂದರೆ ಯಾವ ಹಂತದಲ್ಲಿದೆ?
ಆ) ವ್ಯಾಯಾಮ ಅಥವಾ ರಿಂಗ್‌ನಿಂದ ಪ್ರಯೋಜನವಾಗಬಹುದೇ?
ಇ) ಗರ್ಭಕೋಶ ತೆಗೆಯುವುದು ಅನಿವಾರ್ಯವೇ? ಏಕೆ?
ಈ) ಜಾಲರಿ ಬಳಸಲಾಗುವುದೇ?
ಉ) ತೊಂದರೆ ಮರುಕಳಿಸುವ ಸಾಧ್ಯತೆ ಎಷ್ಟು?

6. ಸೌಲಭ್ಯ ಪಡೆಯುವ ವಿಧಾನ
ಮೊದಲು ತಮ್ಮ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು. ಹೆಚ್ಚಿನ ಚಿಕಿತ್ಸೆ ಬೇಕಿದ್ದಲ್ಲಿ ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರನ್ನು ಕಾಣಬಹುದು. ಆಧಾರ್ ಕಾರ್ಡ್, ಪಡಿತರ ಚೀಟಿ ಹಾಗೂ ಹಿಂದಿನ ಪರೀಕ್ಷಾ ವರದಿಗಳನ್ನು ಜೊತೆಯಲ್ಲಿ ತರತಕ್ಕದ್ದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆದರೆ ಯೋಜನೆಯಲ್ಲಿ ಹಣ ಲಭ್ಯವಿದೆ ಎಂಬ ಒಂದೇ ಅಂಶವು ಶಸ್ತ್ರಚಿಕಿತ್ಸೆಗೆ ಕಾರಣವಾಗಲಾರದು.

ಸೂಚನೆ: ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ, ತಿಳಿದುಕೊಂಡ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವುದು. ಸಂದೇಹವಿದ್ದಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಬಹುದು. ಮೂತ್ರ ಕಟ್ಟಿಕೊಂಡಲ್ಲಿ ಅಥವಾ ರಕ್ತಸ್ರಾವ ಕಂಡುಬಂದಲ್ಲಿ ಮಾತ್ರ ತಡಮಾಡದೆ ಆಸ್ಪತ್ರೆಗೆ ಬರತಕ್ಕದ್ದು.